ಅಕ್ಕನ ಪದಪಟ್ಟಿ

2014ರ ಮಳೆಗಾಲದಲ್ಲಿ ನಾನು ಸಂಜೆಯಾದರೆ ಮೈಸೂರಿನ ಶಿವರಾಂಪೇಟೆಯ ಒಂದು ಡಿಟಿಪಿ ಕೋಣೆಗೆ ಹೋಗಿ ಕೂರುತ್ತಿದ್ದೆ. ಕೆಳಗೆ ಆಫ್‌ಸೆಟ್ ಯಂತ್ರ, ಮದುವೆ ಪತ್ರಿಕೆಗಳ ಕಟ್ಟು. ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಪ್ರೂಫ್ ಹಾಳೆಗಳ ರಾಶಿ. ಆ ಕೋಣೆ ನಡೆಸುತ್ತಿದ್ದವರನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಹಗಲು ಕುವೆಂಪುನಗರದ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಕಟ್ಟುವುದು ನನ್ನ ಹೊಟ್ಟೆಪಾಡು. ಸಂಜೆಯದು ಮೇಷ್ಟ್ರ ಕೆಲಸ.

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಂಜನಗೂಡು, ತಿರುಮಕೂಡಲು ನರಸೀಪುರ, ಹುಣಸೂರು ಅಂತ ವರ್ಗವಾದ ಕಡೆಯಲ್ಲೆಲ್ಲ ಸುತ್ತಲಿನ ಹಳ್ಳಿಗಳಿಗೆ ಹೋಗಿ ಊರಿನ ಹೆಸರು ಹೇಗೆ ಬಂತು ಎಂದು ಕೇಳಿ ಬರೆದುಕೊಂಡಿದ್ದರು. ಹೇಳಿದವರು ಯಾರು, ಅವರ ವಯಸ್ಸೆಷ್ಟು, ಕೆರೆ ಯಾವ ದಿಕ್ಕಿಗಿದೆ, ಗುಡಿ ಯಾವ ದಿಕ್ಕಿಗಿದೆ, ವೀರಗಲ್ಲು ಎಲ್ಲಿ ಬಿದ್ದಿದೆ, ಎಲ್ಲವೂ ಅವರ ನೋಟ್‌ಬುಕ್ಕುಗಳಲ್ಲಿ. ಶಾಸನದಲ್ಲಿ ಊರಿನ ಹಳೆಯ ಹೆಸರು ಬಂದಿದ್ದರೆ ಮಾನಸಗಂಗೋತ್ರಿಗೆ ಹೋಗಿ, ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ ತೆಗೆಸಿ ತಾಳೆ ನೋಡಿದ್ದರು. ಆ ನೋಟ್‌ಬುಕ್ಕುಗಳನ್ನೆಲ್ಲ ವರ್ಷಗಟ್ಟಲೆ ಕೂತು ಟೈಪು ಮಾಡಿಕೊಟ್ಟವರು ಅಕ್ಕ. ಪುಸ್ತಕ ಮಾಡಲು ಪ್ರಕಾಶಕರು ಸಿಗಲಿಲ್ಲ. ‘ಇಂಟರ್ನೆಟ್ಟಿಗಾದರೂ ಹಾಕಪ್ಪ, ಯಾವ ಊರಿನ ಹುಡುಗ ಎಲ್ಲಿ ಕೂತು ಓದ್ತಾನೋ ಓದ್ಲಿ’ ಎಂದು ಮೇಷ್ಟ್ರು ಒಂದು ಸಿ.ಡಿ. ತಂದು ನನ್ನ ಕೈಗಿಟ್ಟರು.

ಸಿ.ಡಿ.ಯಲ್ಲಿದ್ದ ಫೈಲುಗಳೆಲ್ಲ ನುಡಿ ಅಕ್ಷರಗಳಲ್ಲಿದ್ದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಇವೆರಡೂ ಇಲ್ಲದಿದ್ದರೆ ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಹರಡುತ್ತಲೇ ಇರಲಿಲ್ಲ. ಅವುಗಳ ಋಣ ದೊಡ್ಡದು. ಆದರೆ ಹಳೆಯ ನುಡಿ ಫೈಲಿನೊಳಗೆ ಇರುವುದು ಅಕ್ಷರವಲ್ಲ, ಅಕ್ಷರದ ಆಕಾರ. ಫಾಂಟು ತೆಗೆದು ಬರೀ ನೋಟ್‌ಪ್ಯಾಡಿನಲ್ಲಿ ನೋಡಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರದೊಂದು ಅಕ್ಷರ, ಸಣ್ಣ ಕ್ಯು, ಕೊನೆಗೆ ಮತ್ತೊಂದು ಎ ಕಾಣುತ್ತವೆ. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಗೀಟಿನ ಎ ಎಂದರೆ ತಲೆಕಟ್ಟು. ಆ ಜರ್ಮನ್ ಅಕ್ಷರ ನಕಾರದ ಒತ್ತು. ವಕಾರಕ್ಕೆ ಒಂದು ಬಾಲದ ತುಂಡು ಸೇರಿಸಿದರೆ ಮಕಾರ, ಬೇರೆ ತುಂಡು ಸೇರಿಸಿದರೆ ವು.

ನನಗೆ ಇದು ಒಗಟು. ಅಕ್ಕನಿಗೆ ಒಗಟೇ ಅಲ್ಲ. ಅವರ ತಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ‘ಮೊಳೆಯಲ್ಲೂ ಹಿಂಗೇ ಅಲ್ವಾ? ಮೊದಲು ಅಕ್ಷರ, ಆಮೇಲೆ ಒತ್ತು, ಅರ್ಕಾವತ್ತು ಕಡೇಗೆ. ಕಣ್ಣಿಗೆ ಕಾಣೋ ಕ್ರಮದಲ್ಲೇ ಕೂರಿಸ್ಕೊಂಡು ಹೋಗೋದು’ ಎಂದರು. ಒಂದೇ ಮಾತಿನಲ್ಲಿ ಹಳೆಯ ಫಾಂಟುಗಳ ಗುಟ್ಟು ಬಿಡಿಸಿ ಹೇಳಿದ್ದರು. ಅದರ ಬೆಲೆ ನನಗೆ ಪೂರ್ತಿ ತಿಳಿದದ್ದು ಕೆಲಸ ನಡೆದಂತೆ.

ಇಂಟರ್ನೆಟ್ಟಿಗೆ ಹಾಕಬೇಕಾದರೆ ಈ ಫೈಲುಗಳನ್ನು ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡಿಗೆ ತರಬೇಕಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಯೂನಿಕೋಡಿನಲ್ಲಿ ಬರೆಯುವುದು ಉಚ್ಚಾರದ ಕ್ರಮದಲ್ಲಿ. ‘ಧರ್ಮ’ ಎಂದರೆ ಮೊದಲು ಧ, ಆಮೇಲೆ ರಕಾರ, ಹಲಂತ ಚಿಹ್ನೆ, ಕೊನೆಗೆ ಮ. ಆ ರಕಾರವನ್ನು ಮಕಾರದ ಪಕ್ಕಕ್ಕೆ ಅರ್ಕಾವತ್ತಾಗಿ ಕೂರಿಸುವುದು ತೆರೆಯ ಮೇಲೆ ಬರೆಯುವ ತಂತ್ರಾಂಶದ ಹೊಣೆ. ನುಡಿಯಲ್ಲಿ ಅರ್ಕಾವತ್ತು ಕೊನೆಯಲ್ಲೇ ಇರುತ್ತದೆ. ಹಾಗಾಗಿ ನುಡಿಯಿಂದ ಯೂನಿಕೋಡಿಗೆ ತರುವಾಗ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಒಯ್ಯಬೇಕು. ಎಷ್ಟು ಹಿಂದಕ್ಕೆ ಎಂಬುದೇ ಕಷ್ಟ.

ಹೀಗೆ ನುಡಿಯಿಂದ ಯೂನಿಕೋಡಿಗೆ ತರುವ ಪರಿವರ್ತಕವನ್ನು ನಾನೇ ಬರೆಯಬೇಕಾದ ಅಗತ್ಯ ಬೀಳಲಿಲ್ಲ. ಯಾರೋ ಒಬ್ಬ ಕನ್ನಡಿಗ ಪೈಥಾನಿನಲ್ಲಿ ಬರೆದು ಗಿಟ್‌ಹಬ್‌ನಲ್ಲಿ ಮುಕ್ತ ಪರವಾನಗಿಯ ಅಡಿ ಇಟ್ಟಿದ್ದ. ಅವನ ಪರಿಚಯ ನನಗಿಲ್ಲ, ನನ್ನ ಪರಿಚಯ ಅವನಿಗಿಲ್ಲ. ಬಳಸು, ತೆರೆದು ನೋಡು, ತಿದ್ದು, ಹಂಚು ಎಂದು ಮೊದಲೇ ಬರೆದಿಟ್ಟು ಹೋಗಿದ್ದ. ಇಳಿಸಿಕೊಂಡು ಮೇಷ್ಟ್ರ ಮೊದಲ ಫೈಲನ್ನು ಹಾಯಿಸಿದೆ. ಪುಟಗಟ್ಟಲೆ ಗೋಜಲು ಕ್ಷಣದಲ್ಲಿ ಕನ್ನಡವಾಯಿತು. ಸೋಸಲೆ, ಮುಡುಕುತೊರೆ, ತಲಕಾಡು, ಸುತ್ತೂರು, ಹುಲ್ಲಹಳ್ಳಿ ಒಂದರ ಹಿಂದೊಂದು ತೆರೆಯ ಮೇಲೆ ಬಂದಾಗ ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು.

ಕೂತವರು ಸುಮ್ಮನಿರಲಿಲ್ಲ. ಪ್ರೂಫ್ ನೋಡಿ ಪಳಗಿದ ಕಣ್ಣು ಅವರದು. ‘ಇಲ್ಲಿ ನೋಡಪ್ಪ, ಇದೇನಿದು?’ ಎಂದು ತೆರೆಯ ಮೇಲೆ ಬೆರಳಿಟ್ಟರು. ‘ಜೀಣರ್ೋದ್ಧಾರ’ ಎಂದಿತ್ತು. ಊರ ಗುಡಿಗಳ ವಿವರವೆಂದ ಮೇಲೆ ಜೀರ್ಣೋದ್ಧಾರ ಬಾರದ ಪುಟವೇ ಇಲ್ಲ. ಎಲ್ಲ ಕಡೆಯೂ ಹೀಗೇ ಒಡೆದಿತ್ತು. ಸ್ವಲ್ಪ ಕೆಳಗೆ ಅರ್ಘ್ಯ ಹೋಗಿ ‘ಅಘ್ರ್ಯ’ ಆಗಿತ್ತು. ವೆಬ್‌ನಲ್ಲಿ ಕನ್ನಡ ಓದುವವರಿಗೆ ಇದು ಹೊಸದಲ್ಲ. ‘ಕನರ್ಾಟಕ’, ‘ವಿದ್ಯಾಥರ್ಿ’ ಅಂತ ಎಷ್ಟೋ ಪುಟಗಳಲ್ಲಿ ಇವತ್ತಿಗೂ ಕಾಣುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬರೆದವರು ಸರಿಯಾಗಿಯೇ ಬರೆದಿರುತ್ತಾರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವಾಗ ಅಕ್ಷರ ಮುರಿದಿರುತ್ತದೆ. ಹಾಗೆ ಮುರಿದ ಪದ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ, ಕಳೆದುಹೋದ ಹಾಗೆಯೇ ಲೆಕ್ಕ.

ದುಡ್ಡು ಕೊಟ್ಟು ತಂದ, ಮುಚ್ಚಿಟ್ಟ ತಂತ್ರಾಂಶವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಕಂಪನಿಗೊಂದು ಪತ್ರ ಬರೆದು ಕಾಯಬೇಕಿತ್ತು. ಇದು ಹಾಗಲ್ಲ. ಮೂಲ ಕೋಡು ನಮ್ಮೆದುರೇ ಇತ್ತು. ತೆರೆದು ಓದಿದೆ. ಅರ್ಕಾವತ್ತಿನ ಗುರುತು ಬಂದಾಗ ಅದು ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿ ರಕಾರ ಇಡುತ್ತಿತ್ತು. ಬರಿಯ ಅಕಾರವಿದ್ದರೆ ಸರಿ. ದೀರ್ಘ, ಗುಡಿಸುಗಳಿಗೂ ಬರೆದವನು ಜಾಗ ಮಾಡಿಟ್ಟಿದ್ದ. ಆದರೆ ಓಕಾರ ನುಡಿಯಲ್ಲಿ ಹಲವು ತುಂಡುಗಳ ಜೋಡಣೆ. ಅದು ಬಂದರೆ ಲೆಕ್ಕ ತಪ್ಪುತ್ತಿತ್ತು. ಒತ್ತಕ್ಷರವಿದ್ದರೂ ಅಷ್ಟೇ, ರಕಾರ ಹೋಗಿ ಒತ್ತಿನ ನಡುವೆ ಸಿಕ್ಕಿಕೊಳ್ಳುತ್ತಿತ್ತು.

ತಿದ್ದುವ ದಾರಿ ಇಷ್ಟೇ: ಹೆಜ್ಜೆ ಎಣಿಸುವುದನ್ನು ಬಿಡಬೇಕು. ಮೊದಲು ಉಳಿದೆಲ್ಲ ತುಂಡುಗಳನ್ನೂ ಯೂನಿಕೋಡಿಗೆ ತಂದುಕೊಂಡು, ಅರ್ಕಾವತ್ತಿಗೆ ಮಾತ್ರ ಒಂದು ಗುರುತು ಇಟ್ಟುಕೊಳ್ಳಬೇಕು. ಆ ಗುರುತಿನ ಹಿಂದೆ ಒಂದು ವ್ಯಂಜನ, ಅದಕ್ಕೆ ಅಂಟಿದ ಒತ್ತುಗಳು ಎಷ್ಟಿವೆಯೋ ಅಷ್ಟು, ಅದರ ಮೇಲಿನ ಸ್ವರಚಿಹ್ನೆ, ಇಷ್ಟನ್ನೂ ಒಂದೇ ಗುಂಪಾಗಿ ಹಿಡಿದು ಆ ಇಡೀ ಗುಂಪಿಗಿಂತ ಹಿಂದಕ್ಕೆ ರಕಾರವನ್ನು ಒಯ್ಯಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ ಬಲ್ಲವರಿಗೆ ಒಂದು ಸಾಲಿನ ಕೆಲಸ. ಬರೆದು ಓಡಿಸಿದೆ. ಜೀರ್ಣೋದ್ಧಾರ ನೆಟ್ಟಗೆ ನಿಂತಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಕಿರುಚತೊಡಗಿತು, ಎಲ್ಲ ಉಳಿಸಿ ಕಂಪ್ಯೂಟರು ಆರಿಸಿದೆವು. ಹೊರಗೆ ಜೋರು ಮಳೆ, ಇಳಿದು ಹೋಗುವ ಹಾಗಿಲ್ಲ. ಮೇಷ್ಟ್ರೂ ಅಂದು ಅಲ್ಲೇ ಇದ್ದರು. ಅಕ್ಕ ಮೊಬೈಲಿನ ಬೆಳಕು ಹಚ್ಚಿ, ಒಂದು ಪ್ರೂಫ್ ಹಾಳೆಯನ್ನು ಮಗುಚಿ ಹಾಕಿಕೊಂಡು ಪೆನ್ನು ಹಿಡಿದರು. ‘ಒಂದು ಸರಿ ಹೋಯ್ತು ಅಂತ ಎಲ್ಲ ಸರಿ ಹೋಗಿರುತ್ತಾ? ಯಾವ್ಯಾವ ಪದ ಕೈ ಕೊಡ್ತದೆ ಅಂತ ನನಗೆ ಗೊತ್ತು. ಹೊಡೆಯೋವಾಗ ನನ್ನ ಬೆರಳು ತಡವರಿಸೋ ಜಾಗದಲ್ಲೇ ನಿನ್ನ ಪ್ರೋಗ್ರಾಮೂ ತಡವರಿಸೋದು’ ಎಂದು ಬರೆಯುತ್ತ ಹೋದರು.

ಈರ್ಷ್ಯೆ. ಆರ್ದ್ರಾ, ಇದರಲ್ಲಿ ಅರ್ಕಾವತ್ತೂ ಇದೆ, ರಕಾರದ ಒತ್ತೂ ಇದೆ. ಕರ್ತೃ. ರಾಷ್ಟ್ರ. ಸ್ತ್ರೀ. ನಿರ್ಝರ, ಝಕಾರವನ್ನು ನುಡಿ ರಕಾರದ ಒಡಲಿನಿಂದಲೇ ಕಟ್ಟುತ್ತದೆ, ಅದಕ್ಕೆ. ಪೋಸ್ಟ್‌ಮಾಸ್ಟರ್, ಟಕಾರದ ಕೆಳಗೆ ಮಕಾರ ಒತ್ತಾಗಿ ಇಳಿಯಬಾರದು, ಅದಕ್ಕೆ. ಮೇಷ್ಟ್ರು ಪಕ್ಕದಿಂದ ‘ನೈರ್ಋತ್ಯ ಬರ್ಕೊಳ್ಳಮ್ಮ, ಅಲ್ಲಿ ಅರ್ಕಾವತ್ತು ಸ್ವರದ ಮೇಲೆ ಬರ್ತದೆ’ ಎಂದರು. ದಿಕ್ಕು ಹೇಳದೆ ಮೇಷ್ಟ್ರ ಯಾವ ಊರೂ ಮುಗಿಯುವುದಿಲ್ಲವಾದ್ದರಿಂದ ಅದು ಬಹಳ ಕಡೆ ಇತ್ತು. ನನ್ನ ಸಾಲಿನಲ್ಲಿ ವ್ಯಂಜನವನ್ನು ಮಾತ್ರ ಹುಡುಕುವಂತೆ ಬರೆದಿದ್ದೆ, ಋಕಾರಕ್ಕೂ ಒಂದು ಜಾಗ ಕೊಡಬೇಕಾಯಿತು. ಹಾಳೆ ತುಂಬಿತು. ವ್ಯಾಕರಣ ಬಲ್ಲ ಮೇಷ್ಟ್ರಿಗೆ ಅಪರೂಪದ ರೂಪಗಳು ಹೊಳೆಯುತ್ತಿದ್ದವು, ಅಕ್ಕನಿಗೆ ದಿನಬಳಕೆಯಲ್ಲಿ ಒಡೆಯುವ ರೂಪಗಳು. ಇಬ್ಬರಿಗೂ ಒಂದು ಸಾಲು ಕೋಡು ಬರೆಯಲು ಬರುತ್ತಿರಲಿಲ್ಲ. ಆ ಪರಿವರ್ತಕವನ್ನು ಸರಿಪಡಿಸಿದ್ದು ಅವರೇ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಕತ್ತಲಲ್ಲಿ ಕೂತಾಗ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು: ‘ಇದನ್ನೆಲ್ಲ ಮಾಡಿಟ್ಟವರಿಗೆ ಸಂಬಳ ಯಾರು ಕೊಡ್ತಾರಪ್ಪ?’

ಕೆಲವರಿಗೆ ಕಂಪನಿಗಳು ಕೊಡುತ್ತವೆ, ಬಹಳ ಜನಕ್ಕೆ ಯಾರೂ ಕೊಡುವುದಿಲ್ಲ ಎಂದೆ. ಅವರಿಗೆ ತಿಳಿಯುವಂತೆ ನಮ್ಮ ವೆಬ್‌ಸೈಟಿಗೇ ಬಳಸಿದ್ದನ್ನು ಒಂದೊಂದಾಗಿ ಹೇಳಿದೆ. ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಒತ್ತಕ್ಷರ ಕೂಡಿಸಿ ತೋರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಇರಾನಿನ ಮೂಲದ ಬೆಹ್ದಾದ್ ಎಸ್ಫಹಬೋದ್. ಅವರ ನುಡಿ ಪಾರಸಿ, ಅವರ ಕೋಡಿನಿಂದ ನಮ್ಮ ‘ಕ್ಷ’ ಕೂಡುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಟೈಪು ಮಾಡಿಸುವುದು ಜೆಕ್ವೆರಿ ಐಎಂಇ. ವಿಕಿಪೀಡಿಯಕ್ಕಾಗಿ ಹುಟ್ಟಿದ್ದು, ಕೇರಳದ ಸಂತೋಷ್ ತೋಟ್ಟಿಂಗಲ್ ಮತ್ತು ಅವರ ಜೊತೆಗಾರರ ಶ್ರಮ. ಅದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕ್ರಮವೂ ಇದೆ, ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮವೂ ಇದೆ. ಅಕ್ಕನ ಬೆರಳಿಗೆ ರೂಢಿಯಾದದ್ದು ಅದೇ ಕ್ರಮ. ಹಿಂದಿನ ವಾರ ಬ್ರೌಸರಿನ ಪೆಟ್ಟಿಗೆಯಲ್ಲಿ ತಮ್ಮ ನುಡಿಯ ಅಭ್ಯಾಸದಂತೆಯೇ ಟೈಪು ಮಾಡಿ, ತಾವು ಹುಟ್ಟಿದ ಊರು ಹುಡುಕಿ ತೆಗೆದಿದ್ದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಗಿ ಲೋಕವೇ ಗಾಬರಿಯಾಗಿತ್ತು. ಬ್ಯಾಂಕು, ಅಂಗಡಿ, ಅಂಚೆ ಎಲ್ಲವೂ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಪೂರ್ಣಾವಧಿ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಅದನ್ನೂ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾದ್ರೆ ನಾವು ಸುಮ್ನೆ ತಗೊಂಡು ಬರೋದು ತಪ್ಪಾಗ್ತದೆ. ನೀನು ಸರಿ ಮಾಡಿದ್ದನ್ನ ಆ ಪರಿವರ್ತಕ ಬರೆದವನಿಗೆ ವಾಪಸು ಕಳಿಸು’ ಎಂದರು. ತಂತ್ರಾಂಶ ಲೋಕದ ಧರ್ಮವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ.

ಅವರದೇ ಬರಹದ ವಿಷಯ ಬಂದಾಗ ಮಾತ್ರ ಸ್ವಲ್ಪ ಹಿಂಜರಿದರು. ‘ಯಾರಾದ್ರೂ ತಗೊಂಡು ತಮ್ಮ ಹೆಸರು ಹಾಕ್ಕೊಂಡ್ರೆ?’ ಜೀವಮಾನದ ದುಡಿಮೆ, ಆ ಅಂಜಿಕೆ ನ್ಯಾಯವಾದದ್ದೇ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಶರತ್ತು ಓದಿ ಹೇಳಿದೆ. ಬಳಸುವವರು ಬರೆದವರ ಹೆಸರು ಹೇಳಲೇಬೇಕು, ತಿದ್ದಿ ಬೆಳೆಸಿದರೆ ಅದನ್ನೂ ಇದೇ ಶರತ್ತಿನ ಮೇಲೆ ಹಂಚಬೇಕು. ಮೈಸೂರು ವಿಶ್ವವಿದ್ಯಾನಿಲಯವೇ ಆ ವರ್ಷ ತನ್ನ ಕನ್ನಡ ವಿಶ್ವಕೋಶದ 14 ಸಂಪುಟಗಳಲ್ಲಿ ಆರನ್ನು ಇಂಥ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತ್ತು, ಅದನ್ನೂ ನೆನಪಿಸಿದೆ. ದೊಡ್ಡ ದೊಡ್ಡ ಪಂಡಿತರು ಕೂತು ಬರೆದದ್ದು ವಿಕಿಪೀಡಿಯಕ್ಕೆ ಸೇರುವಂತಾಗಿದೆ, ಇನ್ನು ಹಳ್ಳಿಯವರು ಬಾಯಲ್ಲಿ ಹೇಳಿದ್ದಕ್ಕೆ ಬೀಗ ಯಾಕೆ ಮೇಷ್ಟ್ರೇ ಎಂದೆ.

ಅವರನ್ನು ಒಪ್ಪಿಸಿದ್ದು ನನ್ನ ಮಾತಲ್ಲ. ಅವರೇ ಒಂದು ಕಥೆ ತೆಗೆದರು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಒಂದು ಕಟ್ಟನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟು ಹೋದರು. ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ‘ನಾನು ಓದೋ ಕಾಲದಲ್ಲಿ ಆ ಕಟ್ಟಡದ ಮುಂದೆ ಹಾದುಹೋಗುವಾಗೆಲ್ಲ ಅಂದ್ಕೊಳ್ತಿದ್ದೆ, ಆ ಪಂಡಿತ ನಮ್ಮ ಮನೆ ಆಸ್ತಿ ಅಂತ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ರೆ ಗೆದ್ದಲಿಗೆ ಆಗ್ತಿತ್ತು ಅಂತ. ಇರ್ಲಿ, ಹಾಕು’ ಎಂದರು. ಪರವಾನಗಿಯ ಸಾಲಿನಲ್ಲಿ ತಮ್ಮ ಹೆಸರಿಗಿಂತ ಮೊದಲು, ಕಥೆ ಹೇಳಿದ ಹಳ್ಳಿಯವರ ಹೆಸರುಗಳು ಬರಬೇಕೆಂದರು. ಹಾಗೇ ಮಾಡಿದೆ.

ಆಮೇಲಿನ ಕೆಲಸ ಸಲೀಸಾಗಿ ಸಾಗಿತು. ಒಂದು ತೊಡಕು ಮಾತ್ರ ಹೇಳಬೇಕು. ಊರುಗಳ ಅಕಾರಾದಿ ಪಟ್ಟಿ ಬಂದಾಗ ಮೇಷ್ಟ್ರು ಕನ್ನಡಕ ಏರಿಸಿ, ‘ಕವಲಂದೆಗಿಂತ ಮುಂಚೆ ಕಳಲೆ ಬಂದಿದೆಯಲ್ಲಪ್ಪ’ ಎಂದರು. ನಿಜ. ಯೂನಿಕೋಡಿನ ಕೋಷ್ಟಕದಲ್ಲಿ ಳಕಾರ ಲಕಾರದ ಪಕ್ಕದಲ್ಲೇ ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹಕಾರದ ಆಚೆ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಕಳಲೆ ಮೊದಲೇ ಬರುತ್ತದೆ. ಇದಕ್ಕೂ ಮುಕ್ತವಾದ ಸಾಧನ ಒಂದಿತ್ತು, ಐಸಿಯು ಎಂಬ ಲೈಬ್ರರಿ. ಅಕ್ಷರಗಳ ಕ್ರಮವನ್ನು ನಿಯಮವಾಗಿ ಬರೆದುಕೊಟ್ಟರೆ ಹಾಗೇ ಜೋಡಿಸುತ್ತದೆ. ಹಕಾರದ ನಂತರ ಳಕಾರ ಎಂದು ಬರೆದುಕೊಟ್ಟೆವು. ನಂಜನಗೂಡು ತಾಲ್ಲೂಕಿನ ಆ ಎರಡು ಊರುಗಳೂ ತಮ್ಮ ತಮ್ಮ ಜಾಗಕ್ಕೆ ಹೋದವು.

ತಿದ್ದಿದ ಕೋಡನ್ನು ಕಳಿಸುವ ಮುನ್ನ ಅಕ್ಕನ ಹಾಳೆಯನ್ನು ಪರೀಕ್ಷೆಯ ಫೈಲಾಗಿ ಮಾಡಿದೆ. ಒಂದು ಅಂಕಣದಲ್ಲಿ ಪದದ ನುಡಿ ರೂಪ, ಪಕ್ಕದಲ್ಲಿ ಬರಬೇಕಾದ ಯೂನಿಕೋಡ್ ರೂಪ. ಮುಂದೆ ಯಾರೇ ಆ ಕೋಡನ್ನು ಮುಟ್ಟಿದರೂ ಮೊದಲು ಈ ಪದಗಳೆಲ್ಲ ಸರಿಯಾಗಿ ಬರುತ್ತವೆಯೇ ಎಂದು ಅದು ತಾನೇ ನೋಡಿಕೊಳ್ಳುತ್ತದೆ. ಬರೆದವರ ಹೆಸರು ಹಾಕುವ ಜಾಗದಲ್ಲಿ ಅಕ್ಕನ ಹೆಸರು ಹಾಕಲೇ ಎಂದು ಕೇಳಿದೆ. ‘ನಾನೇನು ಮಾಡಿದೀನಿ? ಗೊತ್ತಿರೋ ಪದ ಬರೆದೆ ಅಷ್ಟೆ’ ಎಂದರು. ಮೇಷ್ಟ್ರು ಗದರಿದ ಮೇಲೆ ಒಪ್ಪಿದರು.

ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಹಾಕಿ, ಏನು ಬದಲಾಯಿಸಿದ್ದೇವೆ, ಯಾಕೆ ಎಂದು ಕನ್ನಡದಲ್ಲೇ ಬರೆದೆ. ಕೆಲವು ದಿನ ಸದ್ದಿಲ್ಲ. ಆಮೇಲೆ ಒಂದು ರಾತ್ರಿ ಉತ್ತರ ಬಂತು. ನನ್ನ ಆ ಸಾಲನ್ನು ಅವನು ಇನ್ನಷ್ಟು ಚೊಕ್ಕ ಮಾಡಿ ಸೇರಿಸಿಕೊಂಡಿದ್ದ. ಪದಪಟ್ಟಿಯ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದ: ಇಷ್ಟು ದಿನ ಇಂಥದ್ದೊಂದು ಪಟ್ಟಿಯಿಲ್ಲದೆ ಕುರುಡಾಗಿ ತಿದ್ದುತ್ತಿದ್ದೆ, ಇದನ್ನು ಮಾಡಿದವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು. ಮಾರನೆಯ ಸಂಜೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಮೇಷ್ಟ್ರ ವೆಬ್‌ಸೈಟ್ ನವೆಂಬರ್ 1ರಂದು ತೆರೆದುಕೊಂಡಿತು. ಮೈಸೂರಿನ ಇಂಗ್ಲಿಷ್ ಕಾಗುಣಿತ ಬದಲಾಗಿ, ನಾವು ಕನ್ನಡದಲ್ಲಿ ಕರೆಯುವ ಹಾಗೇ ಬರೆಯುವಂತಾದದ್ದೂ ಅದೇ ದಿನ. ವಿಳಾಸದಲ್ಲಿ ನಾವು ಹೊಸ ಕಾಗುಣಿತವನ್ನೇ ಇಟ್ಟಿದ್ದೆವು. ಶಿವರಾಂಪೇಟೆಯ ಕೋಣೆಯಲ್ಲಿ ಒಂದಿಷ್ಟು ಮೈಸೂರುಪಾಕು ಹಂಚಿದ್ದು ಬಿಟ್ಟರೆ ಬೇರೆ ಸಮಾರಂಭವಿಲ್ಲ. ಮೊದಲ ವಾರದಲ್ಲೇ ತಿದ್ದುಪಡಿಯೊಂದು ಬಂತು. ಬನ್ನೂರಿನ ಕಡೆಯ ಯಾರೋ ತಮ್ಮ ಊರಿನ ಕೆರೆ ಇರುವುದು ಈಶಾನ್ಯಕ್ಕಲ್ಲ, ಪೂರ್ವಕ್ಕೆ ಎಂದು ಬರೆದಿದ್ದರು. ಮೇಷ್ಟ್ರು ಮರುದಿನವೇ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದು, ಅವರು ಹೇಳಿದ್ದೇ ಸರಿ ಎಂದು ತಿದ್ದಿಸಿದರು.

ವೆಬ್‌ಸೈಟ್ ತೆರೆದ ದಿನವೇ ಅಕ್ಕ ಸ್ವೀಟಿನ ಡಬ್ಬ ಬದಿಗಿಟ್ಟು, ಬೀರುವಿನ ಕೆಳಗಿನ ಖಾನೆಯಿಂದ ಫ್ಲಾಪಿಗಳ ಒಂದು ಪೆಟ್ಟಿಗೆ ಎಳೆದರು. ‘ಇವು ನುಡಿಗಿಂತ ಹಿಂದಿನವು, ಶ್ರೀಲಿಪಿಯಲ್ಲಿ ಹೊಡೆದಿದ್ದು. ಒಂದಷ್ಟು ಸ್ಮರಣ ಸಂಚಿಕೆ, ಒಂದು ಇಡೀ ಹರಿಕಥೆ ಪುಸ್ತಕ. ಇದಕ್ಕೂ ಯಾರಾದ್ರೂ ಏನಾದ್ರೂ ಬರೆದಿಟ್ಟಿದಾರಾ ನೋಡು’ ಎಂದರು. ಹುಡುಕಿದೆವು. ಅರ್ಧ ಮಾಡಿ ಬಿಟ್ಟ ಒಂದು ಕೋಷ್ಟಕ ಸಿಕ್ಕಿತು. ಖಾಲಿ ಬಿಟ್ಟ ಆಕಾರಗಳನ್ನು ಅಕ್ಕ ಒಂದೊಂದಾಗಿ ಗುರುತಿಸಿ ಹೇಳುತ್ತ ಹೋದರು, ನಾನು ತುಂಬುತ್ತ ಹೋದೆ.